ಕಾಲಿಗೆ ಬುದ್ಧಿ

ತೆಲಾವಿಯ ಆಸ್ಪತ್ರೆ, ಹಿಂಬದಿಯ ಕೋಣೆ.
ಕಿಟಕಿಯಾಚೆ ಹಿಪ್ಪುನೇರಳೆ ಮರ, ಅದರಡಿ ಯಾರದೋ ಟ್ರ್ಯಾಕ್ಟರ್.
ಅಂಜೋರ್ ಕಣ್ಣು ಮುಚ್ಚಿ ಮಲಗಿದ್ದಾನೆ. ನನ್ನ ಕೈಯಲ್ಲಿ
ಗಾಳದ ದಾರದಂಥ ನೈಲಾನ್ ಎಳೆ.
ಹೆಬ್ಬೆರಳಿಗೆ ತಾಗಿಸಿ, ಎಳೆ ಬಾಗುವಷ್ಟು ಒತ್ತಿ, ಕೇಳುತ್ತೇನೆ:
ಗೊತ್ತಾಯಿತೆ?
ಆಯಿತು.
ಕಿರುಬೆರಳ ಬುಡ. ಆಯಿತು.
ಹಿಮ್ಮಡಿ. ಆಯಿತು ಮಗಳೇ, ಆಯಿತು.

ಆಮೇಲೆ ನಾನು ಏನನ್ನೂ ತಾಗಿಸಲಿಲ್ಲ.
ತೋಳನ್ನು ಕೊಂಚ ಸರಿಸಿದೆ, ಅಷ್ಟೆ.
ಗಂಜಿ ಹಾಕಿದ ಬಿಳಿಕೋಟು ಸರಕ್ಕೆಂದಿತು.

ಆಯಿತು, ಎಂದ.

ಹೀಗೆ ಸಿಕ್ಕಿಬಿದ್ದ ಅರವತ್ತೆಂಟರ ಗಂಡಸು,
ಕಾಲಿನ ಪರವಾಗಿ ಕಿವಿಯಿಂದ ಸಾಕ್ಷಿ ಹೇಳಿಸಿ.

ಆ ಕಾಲುಗಳ ಕುಲಗೋತ್ರ ಊರಿಗೇ ಗೊತ್ತು.
ದೋಣಿಯಂಥ ಮರದ ತೊಟ್ಟಿ, ಮೊಣಕಾಲ ತನಕ ಕಪ್ಪು ಸಪೆರಾವಿ,
ನಲವತ್ತು ಸುಗ್ಗಿ.
ಬೂಟಿನ ದಾರ ಕಟ್ಟುತ್ತ ಒಮ್ಮೆ ಹೇಳಿದ:
ಬೀಜ ಒಡೆಯಬಾರದು, ಒಡೆದರೆ ವೈನು ಕಹಿ.
ಬೀಜ ಅಂಗಾಲಿಗೆ ಸಿಕ್ಕಿದ ಕೂಡಲೆ ಭಾರ ಅತ್ತ ಸರಿಯಬೇಕು.
ಅಪ್ಪ ಹೇಳಿಕೊಡಲಿಲ್ಲ. ಅಂಗಾಲು ತಾನೇ ಕಲಿಯಿತು.

ಕಳೆದ ಚಳಿಗಾಲ ಅದೇ ಅಂಗಾಲಲ್ಲಿ
ಒಂದು ಮೊಳೆ ಮೂರು ದಿನ ಬಿಡಾರ ಹೂಡಿತ್ತು.
ಕಾಲುಚೀಲದ ರಕ್ತ ಕಂಡು ಲಮಾರಾ ಚೀರಿದಳು.
ಕಾಲು ಚೀರಲಿಲ್ಲ.
ಹಗಲೆಲ್ಲ ಮರಗಟ್ಟಿದ್ದು
ರಾತ್ರಿ ಮಾತ್ರ ಕೆಂಡವಾಗುತ್ತದೆ, ಹೊದಿಕೆ ಸೋಕಿದರೂ ಉರಿ.
ಸತ್ತದ್ದು ನೋಯುವುದು ಹೇಗೆ, ಎನ್ನುತ್ತಾನೆ.
ಗೋಡೆಯ ಮೇಲಿನ ನರಗಳ ಪಟ ತೋರಿಸುತ್ತೇನೆ.
ಇಬ್ಬರೂ ಸುಮ್ಮನೆ ಪಟ ನೋಡುತ್ತೇವೆ.

ಕಾಲಿಗೆ ಬುದ್ಧಿ ಹೇಳಿದರು ಎಂದರೆ
ಓಡಿಹೋದರು ಎಂದರ್ಥ.
ಮಂಗಳವಾರ, ಶುಕ್ರವಾರ, ಹತ್ತು ಗಂಟೆಗೆ
ನಾನು ಹೇಳುವ ಬುದ್ಧಿ ಒಂದೇ ಮಾತು:
ನಿಲ್ಲು.

ಕುರ್ಚಿಯ ಬೆನ್ನು ಹಿಡಿದು ನಿಲ್ಲು. ಎರಡು ಬೆರಳಲ್ಲಿ ಹಿಡಿ.
ಒಂದರಲ್ಲಿ. ಈಗ ಬಿಡು.
ಹೆಬ್ಬೆರಳಿಗೆ ಹಿಮ್ಮಡಿ ಜೋಡಿಸಿ ಗೆರೆಯ ಮೇಲೆ ನಡೆ
(ಪೊಲೀಸರು ಕುಡುಕನನ್ನು ನಡೆಸುವ ಹಾಗೆ. ಹೋಲಿಕೆ ಅವನದು,
ಅನುಭವವೂ ಇರಬೇಕು).
ಟವೆಲ್ಲನ್ನು ಕಾಲ್ಬೆರಳಲ್ಲಿ ಮುದುಡಿ ಎಳೆ.
ಆರು ವಾರ ಟವೆಲ್ಲು ಕದಲಲಿಲ್ಲ. ಏಳನೆಯ ವಾರ
ಒಂದು ಅಂಗುಲ ಬಂತು.
ಅಂಗುಲವೆಂದರೆ ಬೆರಳಿನ ಅಳತೆ ತಾನೆ,
ಲೆಕ್ಕ ಸರಿಯಾಗಿದೆ.

ಕಣ್ಣು ಮುಚ್ಚಿಸಿದರೆ ವಾಲುತ್ತಾನೆ.
ನೆಲ ಎಲ್ಲಿದೆ ಎಂದು ಈಗ ಮೀನಖಂಡ ಹೇಳಬೇಕು, ಸೊಂಟ ಹೇಳಬೇಕು,
ಆಳೊಬ್ಬ ಬಿಟ್ಟುಹೋದ ತೋಟದ ಕೆಲಸವನ್ನು
ಉಳಿದವರು ಗೊಣಗುತ್ತ ಹಂಚಿಕೊಂಡ ಹಾಗೆ.
ಹೋದದ್ದು ವಾಪಸು ಬರುತ್ತದೆಯೆ?
ಬಹುಶಃ ಇಲ್ಲ, ಎಂದೆ.
ಇನ್ನೊಂದು ಸುತ್ತು ನಡೆದ.

ಅಕ್ಟೋಬರಿನಲ್ಲಿ ಎರಡು ವಾರ ಕಾಣಲಿಲ್ಲ.
ಬಂದವನೇ ಬೂಟು ಬಿಚ್ಚಿ,
ಜೇಬಿಂದ ಲಮಾರಾಳ ಪುಟ್ಟ ಕನ್ನಡಿ ತೆಗೆದು
ಅಂಗಾಲಿಗೆ ಹಿಡಿದ: ನೋಡು, ಬಿಳಿ.
ಬುದ್ಧಿ ಬಂದಾಗಿನಿಂದ ಮೊದಲ ಸುಗ್ಗಿ, ಕಾಲಿಗೆ ಬಣ್ಣವಿಲ್ಲ.
ತುಳಿದವನು ಮೊಮ್ಮಗ ದಾಚಿ.
ಇವನು ತೊಟ್ಟಿಯ ಅಂಚಿಗೆ ಒಂದೇ ಬೆರಳೂರಿ, ಬೂಟು ಹಾಕಿ,
ಸಂಜೆಯ ತನಕ ನಿಂತಿದ್ದನಂತೆ.
ಬೀಜ ಸಿಡಿದ ಸದ್ದು ಕೇಳಿದಾಗಲೆಲ್ಲ
ಹಗುರ, ಹಗುರ, ಎಂದು ಕೂಗುತ್ತಿದ್ದನಂತೆ.

ಮತ್ತೆ ಮಲಗಿದ. ಕಣ್ಣು ಮುಚ್ಚಿದ.
ಸದ್ದಾಗದಂತೆ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದೆ.
ಕೋಟು ಬಿಡು ಮಗಳೇ, ಎಂದು ನಕ್ಕ, ಇವತ್ತು ಸುಳ್ಳಿಲ್ಲ.

ಹೆಬ್ಬೆರಳು. ಇಲ್ಲ.
ಕಿರುಬೆರಳ ಬುಡ. ಇಲ್ಲ.
ಹಿಮ್ಮಡಿ. ಇಲ್ಲ.
ಕಾಗದದ ಮೇಲೆ ಒಂದೊಂದೇ ಸೊನ್ನೆ ಬರೆದೆ.
ಕಡೆಯದು, ಪಾದದ ನಡುವಿನ ಕುಳಿ. ಎಳೆ ಬಾಗಿತು.
ಹುಬ್ಬು ಗಂಟಿಕ್ಕಿದ.

ತಡಿ, ಎಂದ.
ಇನ್ನೊಂದು ಸಲ.